ಕಷಾಯದ ತಂಬಿಗೆ

ಮಿರಜ
೨೪ ಆಗಸ್ಟ್ ೨೦೨೫, ರವಿವಾರ

ಪೂಜ್ಯ ಆರ್ಜವಮತಿ ಮಾತಾಜಿಯವರ ಪಾದಗಳಿಗೆ ವಂದಾಮಿ,

ರತ್ನತ್ರಯ ಕುಶಲವೇ? ಹೀಗೇ ಕೇಳಬೇಕೆಂದು ಅನೇಕಾಂತನ ಹೆಂಡತಿ ರಂಜನಾ ನನಗೆ ಹೇಳಿಕೊಟ್ಟಿದ್ದಾಳೆ. ದೀಕ್ಷೆ ತೆಗೆದುಕೊಂಡವರನ್ನು ‘ಮೈಯಾಗ ಆರಾಮ ಐತೇನ್ರಿ’ ಎಂದು ಕೇಳಬಾರದಂತೆ. ಶ್ರದ್ಧೆ, ಜ್ಞಾನ, ಚಾರಿತ್ರ್ಯ ಮೂರೂ ಕ್ಷೇಮವೇ ಎಂದು ಕೇಳಿ ಸುಮ್ಮನಾಗಬೇಕಂತೆ. ಸರಿ, ಕೇಳಿದೆ. ಆದರೆ ನಾನು ಸುಮ್ಮನಾಗುವವಳಲ್ಲ ಎಂದು ನಿಮಗೆ ಗೊತ್ತು. ಎಡಪಕ್ಕೆಯ ಕೆಳಗಿನ ಭಾರ ಇಳಿಯಿತೇ? ಸಂಜೆ ಮೈ ಬಿಸಿಯಾಗುವುದು ನಿಂತಿದೆಯೇ? ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು ಬರುತ್ತಿದೆಯಲ್ಲ, ಅದು ಹೆಚ್ಚಾಗಿಲ್ಲ ತಾನೆ? ಆ ಬಾವು ಯಾಕೆ ಬರುತ್ತಿದೆ ಎಂದು ನನಗೆ ಗೊತ್ತು. ಅದನ್ನು ಹೇಳಲಿಕ್ಕೇ ಈ ಪತ್ರ.

ಮೊದಲ ಸಾಲನ್ನು ‘ಪ್ರೀತಿಯ ಅವ್ವಾ’ ಎಂದೇ ಬರೆದಿದ್ದೆ. ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡೆ. ನಮ್ಮಪ್ಪ ಬಾಪೂ ತೀರಿಕೊಂಡ ಮರುವರ್ಷ ನಿಮ್ಮ ದೀಕ್ಷೆಯಾದಾಗ ಮೈಕಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ಇಂದಿನಿಂದ ಇವರಿಗೆ ಮನೆಯಿಲ್ಲ, ಮಕ್ಕಳಿಲ್ಲ, ಹಳೆಯ ಹೆಸರಿಲ್ಲ. ತಮ್ಮ ಅನೇಕಾಂತ ಬಿಕ್ಕಿ ಬಿಕ್ಕಿ ಅಳುತ್ತಿದ್ದ, ನಾನು ಸಿಟ್ಟಿನಿಂದ ಗಟ್ಟಿಯಾಗಿ ಕುಳಿತಿದ್ದೆ. ಆಮೇಲೆ ನೀವು ಊರೂರು ನಡೆದಿರಿ. ನಾನು ಎಲ್ಲಿಗೂ ದರ್ಶನಕ್ಕೆ ಬರಲಿಲ್ಲ, ಆಸ್ಪತ್ರೆಯ ಕೆಲಸ ಎಂದೆ. ಈ ಬೇಸಿಗೆಯ ಕೊನೆಗೆ ನಿಮ್ಮ ಸಂಘ ನಮ್ಮ ಸಮಡೋಳಿಗೇ ಬಂತು, ಚಾತುರ್ಮಾಸಕ್ಕೂ ಅಲ್ಲೇ ನಿಂತಿತು. ಈಗ ದಿನಾ ನಿಮ್ಮನ್ನು ನೋಡುತ್ತೇನೆ, ಮಾತಾಡಲು ಮಾತ್ರ ಆಗುವುದಿಲ್ಲ. ಆಹಾರದ ಹೊತ್ತಿಗೆ ನೀವು ಮೌನ, ಆಮೇಲೆ ದರ್ಶನಕ್ಕೆ ಬಂದವರ ಗದ್ದಲ. ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟಿದ್ದೀರಿ, ಊರವರ ಹಾಗೆ ‘ಡಾಕ್ಟರಬಾಯಿ’ ಅನ್ನುತ್ತೀರಿ. ಕೇಳಿದಾಗೆಲ್ಲ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಸಂಘದಲ್ಲಿ ಉಳಿದವರೆಲ್ಲ ಹಿಂದಿ, ಮರಾಠಿಯವರು. ಈ ಅಕ್ಷರ ಓದಬಲ್ಲವರು ನೀವೊಬ್ಬರೇ. ಸಂಘ ನಡೆಸುವ ಗುರುಮಾತಾಜಿಗೆ ಹೇಳುವುದೋ ಬಿಡುವುದೋ ನೀವು ಓದಿದ ಮೇಲೆ ನಿಮ್ಮ ಇಷ್ಟ. ಮರಾಠಿ ಶಾಲೆಗೆ ಹೋಗುತ್ತಿದ್ದ ನನಗೆ ರೊಟ್ಟಿ ಬಡಿಯುವಾಗ ಜೋಳದ ಹಿಟ್ಟಿನಲ್ಲಿ ಬೆರಳಾಡಿಸಿ ಈ ಅಕ್ಷರ ಕಲಿಸಿದವರು ನೀವು, ನಿಮ್ಮ ತವರಿನಿಂದ ಕಥೆಪುಸ್ತಕ ತರಿಸಿ ಓದಿಸಿದವರು ನೀವು. ಅದಕ್ಕೇ ನನ್ನ ಮಾತು ಸಮಡೋಳಿಯ ಹಾಗೆ, ಬರಹ ಪುಸ್ತಕದ ಹಾಗೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಮನೆಯ ಸುದ್ದಿ ನಿಮಗೆ ಬೇಡ ಎಂದು ಗೊತ್ತು, ಆದರೂ ಎರಡು ಮಾತು ಹೇಳದಿದ್ದರೆ ನನಗೆ ಪತ್ರ ಎನಿಸುವುದಿಲ್ಲ. ಕೃಷ್ಣೆ ತುಂಬಿದ್ದಾಳೆ, ಸಾಂಗ್ಲಿವಾಡಿಯ ಕಡೆ ದಂಡೆಯವರು ಸಾಮಾನು ಮೇಲಕ್ಕೆ ಸಾಗಿಸುತ್ತಿದ್ದಾರೆ. ಸೇತುವೆಯ ಮೇಲೆ ಬೆಳಿಗ್ಗೆ ಹೊಳೆ ನೋಡುವವರ ಜಾತ್ರೆ, ದಾಟುವುದರಲ್ಲಿ ಸಾಕುಸಾಕಾಗುತ್ತದೆ. ಅನೇಕಾಂತನ ಅರಿಶಿನ ಚೆನ್ನಾಗಿ ಬಂದಿದೆ, ನೀರು ನಿಲ್ಲದಿದ್ದರೆ ಸಾಕು ಎಂದು ದಿನಾ ಹೊಲಕ್ಕೆ ಓಡುತ್ತಾನೆ. ನನ್ನ ಮಗಳು ಮೃಣಾಲ ಪುಣೆಯಿಂದ ರಜೆಗೆ ಬಂದಿದ್ದಾಳೆ. ನಾನು ಕನ್ನಡದಲ್ಲಿ ಬಯ್ದರೆ ಅವಳಿಗೆ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಈ ಪತ್ರ ತರುವವಳು ಅವಳೇ. ಒಳಗೇನಿದೆ ಎಂದು ಅವಳಿಗೆ ಗೊತ್ತಿಲ್ಲ.

ಇನ್ನು ಸುತ್ತಿ ಬಳಸುವುದಿಲ್ಲ. ಮಾತಾಜಿ, ನಾನು ನಿಮಗೆ ದಿನಾ ಹೊಯ್ಯುತ್ತಿದ್ದ ಕಷಾಯದಲ್ಲಿ ಅಮೃತಬಳ್ಳಿ, ನೆಲಬೇವು ಅಷ್ಟೇ ಇರಲಿಲ್ಲ. ಒಂದು ಇಂಗ್ಲಿಷ್ ಗುಳಿಗೆಯನ್ನು ಅರೆದು ಅದರಲ್ಲಿ ಕದಡುತ್ತಿದ್ದೆ. ನೀವು ಮುಟ್ಟುವುದಿಲ್ಲ ಎಂದು ನೇಮ ಮಾಡಿದ ಔಷಧವನ್ನೇ ನಿಮಗೆ ತಿಳಿಸದೆ ನಿಮ್ಮ ಕೈಗೆ ಹೊಯ್ದೆ, ನೀವು ಕುಡಿದಿರಿ. ಬೇಸಿಗೆಯಿಂದ ನಿನ್ನೆಯ ತನಕ. ಇವತ್ತು ಬೆಳಿಗ್ಗೆ ಹಾಕಲಿಲ್ಲ. ಇವತ್ತು ನೀವು ಕುಡಿದದ್ದು ಬರೀ ಕಷಾಯ.

ಮೇ ತಿಂಗಳಲ್ಲಿ ಬಸದಿಯ ಅಂಗಳದಲ್ಲಿ ತಲೆ ತಿರುಗಿ ಬಿದ್ದಿರಲ್ಲ, ಅವತ್ತು ಅನೇಕಾಂತ ಫೋನು ಮಾಡಿದಾಗ ನಾನು ಸೂಕ್ಷ್ಮದರ್ಶಕದ ಮುಂದೆಯೇ ಕುಳಿತಿದ್ದೆ. ಬಿಟ್ಟೋಡಿ ಬಂದೆ. ನೀವು ಒಣಗಿ ಹೋಗಿದ್ದಿರಿ, ಹೊಟ್ಟೆಯ ಎಡಬದಿ ಮಾತ್ರ ಉಬ್ಬಿತ್ತು. ಕೈಯಿಟ್ಟು ನೋಡಿದ ಕೂಡಲೇ ನನಗೆ ತಿಳಿಯಿತು. ಗುರುಮಾತಾಜಿ ಒಪ್ಪಿದ ಮೇಲೆ ನೀವು ಒಂದು ಸಲ ರಕ್ತ ಕೊಟ್ಟಿರಿ. ಕೊಡುವಾಗಲೇ ಹೇಳಿದಿರಿ: “ತಗೋರಿ ಡಾಕ್ಟರಬಾಯಿ. ಆದ್ರ ಏನಾಗೇತಿ ಅಂತ ನಂಗ ಹೇಳಬ್ಯಾಡ್ರಿ. ಹೆಸರು ಗೊತ್ತಾದ್ರ ಮನಸ್ಸು ಅದಕ್ಕ ಹೋಗಿ ಅಂಟಿಕೊಳ್ತೈತಿ. ಇಂಗ್ಲಿಷ್ ಔಷಧ ನಾ ತಗೊಳ್ಳಾಕಿ ಅಲ್ಲ.” ಸೀಸೆ ಹಿಡಿದುಕೊಂಡು ಮಿರಜಿಗೆ ಬಂದೆ. ಬೇರೆ ಯಾರ ಕೈಗೂ ಕೊಡದೆ ನಾನೇ ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ನೋಡಿದೆ. ಬಿಳಿಕಣಗಳು ಕಿಕ್ಕಿರಿದಿದ್ದವು. ರಕ್ತದ ಕ್ಯಾನ್ಸರ್. ನಿಧಾನವಾಗಿ ಹಬ್ಬುವ ಜಾತಿಯದು, ನಾನು ಜನ್ಮವೆಲ್ಲ ಓದಿದ್ದು ಅದನ್ನೇ. ನೀವು ಹೇಳಬೇಡ ಎಂದ ಹೆಸರನ್ನು ಈಗ ಬರೆದುಬಿಟ್ಟೆ. ಬರೆಯದೆ ಉಳಿದದ್ದನ್ನು ಹೇಳುವ ದಾರಿ ನನಗೆ ಕಾಣಲಿಲ್ಲ.

ಈ ರೋಗದ ಹಿಂದೆ ನಾನು ಯಾಕೆ ಬಿದ್ದೆ ಎಂದು ನೀವು ಒಂದು ಸಲವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಮಿರಜಿನ ಹಾಸ್ಟೆಲಿನಲ್ಲಿದ್ದಾಗ ಸೂರ್ಯ ಮುಳುಗುವ ಮುನ್ನ ಉಣ್ಣಲಿ ಎಂದು ನೀವು ಸಮಡೋಳಿಯಿಂದ ಎಸ್.ಟಿ. ಕಂಡಕ್ಟರನ ಕೈಯಲ್ಲಿ ಡಬ್ಬಿ ಕಳಿಸುತ್ತಿದ್ದಿರಿ. ಆ ಡಬ್ಬಿಯನ್ನು ವಾರ್ಡಿನ ಮೆಟ್ಟಿಲ ಮೇಲೆ ಕುಳಿತು ಉಣ್ಣುತ್ತಿದ್ದೆ. ಒಳಗೆ ಇದೇ ರೋಗದವರು ಮಲಗಿರುತ್ತಿದ್ದರು. ಆಗ ಇದ್ದ ಮದ್ದು ಬಿಳಿಕಣಗಳನ್ನು ಇಳಿಸುತ್ತಿತ್ತೇ ಹೊರತು ರೋಗವನ್ನಲ್ಲ. ಕೆಲವು ವರ್ಷ ಓಡಾಡಿಕೊಂಡಿದ್ದು, ಆಮೇಲೆ ಒಂದು ದಿನ ರೋಗ ಉಗ್ರರೂಪ ತಾಳಿ ಹೋಗಿಬಿಡುತ್ತಿದ್ದರು. ಅವರಿಗೆ ನಾಳೆ ಬರುತ್ತೇನೆ ಎನ್ನಲೂ ನಾಚಿಕೆಯಾಗುತ್ತಿತ್ತು. ಆಮೇಲೆ ಮುಂಬಯಿಗೆ ಹೋದೆ, ರಕ್ತದ ಕ್ಯಾನ್ಸರುಗಳನ್ನೇ ಕಲಿತೆ. ಅಲ್ಲಿ ಇರುವಾಗಲೇ ಈ ಗುಳಿಗೆ ಬಂತು. ಸಾಯಲು ಮಲಗಿದವರು ಎದ್ದು ಹೊಲಕ್ಕೆ ಹೋದರು, ಮಕ್ಕಳ ಮದುವೆ ಮಾಡಿದರು. ನಾನು ನೋಡಿದ ಪವಾಡ ಅದೊಂದೇ. ನಿಮ್ಮ ಮುಂದೆ ಆ ಪದ ಬಳಸಿದರೆ ನೀವು ನಗುತ್ತೀರಿ, ನಗಿರಿ.

ಮುಂಬಯಿಯ ಪ್ರಯೋಗಶಾಲೆಯಲ್ಲಿ ಇಲಿಗಳಿದ್ದವು. ಅವಕ್ಕೆ ರೋಗ ಹಚ್ಚಿ, ಮದ್ದು ಹಾಕಿ, ಕೊನೆಗೆ ಕೊಂದು ನೋಡಬೇಕು. ನನ್ನ ಕೈಯಿಂದಲೇ ಆಗಿದೆ. ರಜೆಗೆ ಬಂದಾಗ ಅಡಿಗೆಮನೆಯಲ್ಲಿ ನಿಂತು ಅದನ್ನು ನಿಮಗೆ ಹೇಳಿದ್ದೆ, ನೆನಪಿದೆಯೇ? ನೀವು ಬಯ್ಯಲಿಲ್ಲ. ಆ ವರ್ಷವೆಲ್ಲ ನನ್ನ ಕೈಯ ನೀರು ಕುಡಿಯಲಿಲ್ಲ, ಅಷ್ಟೆ. ಆಗ ಸಿಟ್ಟು ಬಂದಿತ್ತು, ಆದರೆ ಮುಚ್ಚಿಡಬೇಕು ಎಂದು ತಲೆಗೆ ಹೊಳೆದಿರಲೇ ಇಲ್ಲ. ನಿಮ್ಮ ನೇಮ ಹುಟ್ಟಿದ್ದು ಅಲ್ಲಿಂದ ಎಂದು ನನಗೆ ಗೊತ್ತು: “ಆ ಗುಳಗಿ ಹಿಂದ ಎಷ್ಟು ಜೀವ ಹೋಗಿರ್ತಾವ, ನೀನೇ ಹೇಳೀಯಲ್ಲ.” ಹೌದು, ನಾನೇ ಹೇಳಿದ್ದೆ. ಅದನ್ನು ತಿಳಿದೂ ಅದನ್ನೇ ನಿಮಗೆ ಕುಡಿಸಿದೆ.

ಮಿರಜಿಗೆ ಮರಳಿದ ಮೇಲೆ ಇಲಿಗಳನ್ನು ಬಿಟ್ಟು ಮನುಷ್ಯರ ಬೆನ್ನು ಹತ್ತಿದೆ. ಗುಳಿಗೆ ಸಿಕ್ಕರೂ ಜನ ಯಾಕೆ ಬಿಡುತ್ತಾರೆ ಎಂಬುದೇ ನನ್ನ ಸಂಶೋಧನೆಯಾಯಿತು. ಬೇಡಗ, ಕವಲಾಪುರ, ಗಡಿಯಾಚೆ ಅಥಣಿಯ ತನಕ ಹಟ್ಟಿ ಹಟ್ಟಿಗೆ ಹೋಗಿ ಕುಳಿತು ಕೇಳಿದೆ. ತಿಳಿದದ್ದು ಇಷ್ಟೇ: ನರಳುವವರು ಗುಳಿಗೆ ಬಿಡುವುದಿಲ್ಲ, ಆರಾಮಾದವರು ಬಿಡುತ್ತಾರೆ. ಯಾರೋ ಒಬ್ಬ ನೆಂಟ ಯಾವುದೋ ಬೇರು ಕುಡಿದು ಗುಣವಾದ ಕಥೆ ಕೇಳಿ ಬಿಡುತ್ತಾರೆ. ಬಿಟ್ಟವರಲ್ಲಿ ರೋಗ ಮರಳಿ ಬರುತ್ತದೆ, ಕೆಲವರಲ್ಲಿ ಆಮೇಲೆ ಗುಳಿಗೆಯ ಮಾತನ್ನೇ ಕೇಳುವುದಿಲ್ಲ. ಇದನ್ನೇ ನೂರು ರೀತಿಯಲ್ಲಿ ಬರೆದೆ, ದೆಹಲಿಗೂ ಪರದೇಶಕ್ಕೂ ಹೋಗಿ ಹೇಳಿದೆ, ಶಾಲು ಹೊದಿಸಿಕೊಂಡೆ. ಇನ್ನೊಂದು ವಿಷಯದಲ್ಲಿಯೂ ನನ್ನ ಹೆಸರು ದೊಡ್ಡದು. ಯಾರಿಗೆ ಯಾವ ಔಷಧ ಕೊಟ್ಟರೂ ಅವರ ಭಾಷೆಯಲ್ಲಿ ಹೇಳಿ, ತಿಳಿಯಿತೇ ಎಂದು ಕೇಳಿ, ಒಪ್ಪಿದ ಮೇಲೆಯೇ ಕೊಡಬೇಕು. ಮೂರು ವರ್ಷದ ಹಿಂದೆ ನೀಲೇಶ ಎಂಬ ಜಾಣ ಹುಡುಗ ನನ್ನ ಕೈಕೆಳಗಿದ್ದ. ಹೊಸ ಔಷಧದ ಅಧ್ಯಯನಕ್ಕೆ ಒಬ್ಬ ಮುದುಕನನ್ನು ಸೇರಿಸುವಾಗ ಮಗನ ಒಪ್ಪಿಗೆ ತೆಗೆದುಕೊಂಡು, ಮುದುಕನಿಗೆ ‘ಶಕ್ತಿಯ ಗುಳಿಗೆ ಅಜ್ಜಾ’ ಎಂದಿದ್ದ. ಎಲ್ಲರ ಮುಂದೆ ಉಗಿದು ಕೆಲಸದಿಂದ ತೆಗೆದೆ. ಹೋಗುವಾಗ ಅವನು “ಮ್ಯಾಡಮ್, ಆಜೋಬಾ ಬದುಕಲಿ ಅಂತ ಮಾಡಿದೆ” ಎಂದ. ‘ಅವರ ಮೈ ಅವರದು, ನಿನ್ನದಲ್ಲ’ ಎಂದೆ ನಾನು. ಎಷ್ಟು ಠೀವಿಯಿಂದ ಅಂದಿದ್ದೆ! ಈ ಮೂರು ತಿಂಗಳಲ್ಲಿ ಅವನ ಮುಖ ನೆನಪಾಗದ ಬೆಳಗಿಲ್ಲ.

ನಾನು ಹೇಗೆ ಮಾಡಿದೆ ಎಂದೂ ಹೇಳಬೇಕು, ಇಲ್ಲದಿದ್ದರೆ ಅರ್ಧ ಹೇಳಿದಂತೆ. ಗುರುಮಾತಾಜಿ ಒಪ್ಪಿದ ಔಷಧವೆಂದರೆ ಆ ಕಷಾಯ ಒಂದೇ. ‘ನಾನೇ ಮಾಡಿಕೊಡುತ್ತೇನೆ’ ಎಂದಾಗ ರಂಜನಾ ಎಷ್ಟು ಸಂತೋಷಪಟ್ಟಳು, ಡಾಕ್ಟರ್ ಅತ್ತಿಗೆಗೆ ಕೊನೆಗೂ ಧರ್ಮಬುದ್ಧಿ ಬಂತು ಎಂದು! ನಸುಕಿನಲ್ಲಿ ಮಿರಜಿನಿಂದ ಹೊರಟು, ಅನೇಕಾಂತನ ಮನೆಯಲ್ಲಿ ಮಿಂದು, ಒದ್ದೆ ಮಡಿಯಲ್ಲಿ ಬಾವಿಯ ನೀರು ಸೇದಿ, ಸೋಸಿ, ಕಾಯಿಸಿ, ಮೂಲೆಗೆ ತಿರುಗಿ ನಿಂತು ಗುಳಿಗೆ ಕದಡುತ್ತಿದ್ದೆ. ನೀವು ಉಪ್ಪು, ಸಕ್ಕರೆ, ತುಪ್ಪ ಎಲ್ಲ ಬಿಟ್ಟವರು. ರುಚಿಯ ಆಸೆ ಬಿಟ್ಟವರು ಕಹಿ ಹೆಚ್ಚಾಯಿತೆಂದು ಮುಖ ಸಿಂಡರಿಸುವುದಿಲ್ಲ, ಮೌನ ಮುರಿದು ಕೇಳುವುದೂ ಇಲ್ಲ ಎಂದು ಲೆಕ್ಕ ಹಾಕಿದ್ದೆ. ಕಳ್ಳಿಯ ಬುದ್ಧಿ ನೋಡಿ, ನಿಮ್ಮ ವ್ರತವನ್ನೇ ನನ್ನ ಮೋಸಕ್ಕೆ ಅನುಕೂಲ ಮಾಡಿಕೊಂಡೆ.

ಆಮೇಲೆ ಬೀದಿಯ ಓಟ. ನೀವು ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲಿ ಏನೋ ಒಂದು ನೇಮ ಹಿಡಿದಿರುತ್ತೀರಿ, ಕಳಸ ಹಿಡಿದವರು ಕಂಡರೆ ನಿಲ್ಲುವೆ, ಹೂವು ಹಿಡಿದವರು ಕಂಡರೆ ನಿಲ್ಲುವೆ ಎಂದು. ಅದು ನಿಮಗಲ್ಲದೆ ಇನ್ನೊಬ್ಬರಿಗೆ ಗೊತ್ತಿಲ್ಲ. ಊರೆಲ್ಲ ಬಾಗಿಲಲ್ಲಿ ನಿಂತು ‘ಮಾತಾಜಿ ವಂದಾಮಿ, ನಿಲ್ಲಿರಿ, ನಿಲ್ಲಿರಿ’ ಎಂದು ಕೂಗುತ್ತಿರುತ್ತದೆ. ನೀವು ಯಾರ ಬಾಗಿಲಲ್ಲಿ ನಿಂತಿರೋ ಅಲ್ಲಿಗೆ ನಾನು ತಂಬಿಗೆ ಹಿಡಿದು ಓಡಬೇಕು. ಐವತ್ತು ದಾಟಿದ ದಪ್ಪ ಹೆಂಗಸು, ಕೆಸರಿನಲ್ಲಿ ಸೀರೆ ಎತ್ತಿಕೊಂಡು, ತಂಬಿಗೆಗೆ ಕೈ ಮುಚ್ಚಿಕೊಂಡು! ಓಣಿಯ ಹೆಂಗಸರು “ಡಾಕ್ಟರಬಾಯಿ ಬಂದ್ರು, ದಾರಿ ಬಿಡ್ರಿ” ಎಂದು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ನಗು ನಿಲ್ಲುತ್ತಿದ್ದದ್ದು ನಿಮ್ಮ ಮುಂದೆ ನಿಂತು ಆ ಮಾತು ಹೇಳುವಾಗ. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ-ಜಲ ಶುದ್ಧ. ಹೀಗೆ ಬಡಿಸುವವರು ಹೇಳದೆ ನೀವು ಕೈ ಒಡ್ಡುವುದಿಲ್ಲ. ನಾನು ಹೇಳಿದೆ. ದಿನಾ ಹೇಳಿದೆ, ತಂಬಿಗೆ ಕೈಯಲ್ಲಿ ಹಿಡಿದೇ ಹೇಳಿದೆ. ನೀವು ನಂಬಿ ಎರಡೂ ಕೈ ಜೋಡಿಸಿ ಒಡ್ಡಿದಿರಿ. ನನಗೆ ಬರಲು ಆಗದ ದಿನ ಕದಡಿದ ಕಷಾಯವನ್ನು ರಂಜನಾಳ ಕೈಗೆ ಕೊಟ್ಟಿದ್ದೇನೆ. ಪಾಪ, ಆ ಭೋಳೆ ಹೆಂಗಸಿನ ಬಾಯಿಂದಲೂ ಸುಳ್ಳು ಹೇಳಿಸಿದೆ.

ಇನ್ನೂ ಇದೆ. ಜೂನಿನಲ್ಲಿ ಒಂದು ದಿನ ನಿಮ್ಮ ಅನ್ನದಲ್ಲಿ ಕೂದಲು ಬಂತು. ನಿಮಗಿಂತ ಮೊದಲು ನನಗೆ ಕಂಡಿತು. ಹೇಳಿದರೆ ಅಂತರಾಯ, ಅವತ್ತಿನ ಆಹಾರ ಅಲ್ಲಿಗೇ ಮುಗಿಯಿತು, ಔಷಧ ಹೊಟ್ಟೆಗೆ ಹೋಗುವುದಿಲ್ಲ. ನಾನು ಸುಮ್ಮನೆ ಕಷಾಯ ಹೊಯ್ದೆ. ಅದು ಒಳಗೆ ಹೋದ ಮೇಲೆ ನೀವೇ ಕೂದಲು ನೋಡಿ ಕೈ ಬಿಟ್ಟಿರಿ, ನಾನು ‘ಅಯ್ಯೋ’ ಎಂದು ನಟಿಸಿದೆ. ಇನ್ನೊಂದು ದಿನ ನಿಮಗೆ ವಾಂತಿಯಾಯಿತು. ಅದನ್ನು ನಿಮ್ಮ ಕರ್ಮದ ಉದಯ ಎಂದುಕೊಂಡು ಮರುದಿನ ನೀರನ್ನೂ ಮುಟ್ಟದೆ ಉಪವಾಸ ಮಾಡಿದಿರಿ. ಮಾತಾಜಿ, ಅದು ನಿಮ್ಮ ಕರ್ಮವಲ್ಲ, ಗುಳಿಗೆಯ ಗುಣ. ಕಣ್ಣಿನ ಸುತ್ತಲ ಬಾವೂ ಅದರದೇ. ನೀವು ಉಪವಾಸ ಕುಳಿತ ಆ ದಿನ ನಾನು ಕ್ಯಾಂಟೀನಿನಲ್ಲಿ ಕುಳಿತು ಉಂಡೆ. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ಹೊಟ್ಟೆಯ ಗಡ್ಡೆ ಇಳಿಯುತ್ತಿತ್ತು. ಕಷಾಯ ಹೇಳಿದ ವೈದ್ಯರು ಕೇಳಿದ್ದಾರೆ ಎಂದು ಇನ್ನೊಂದು ಸುಳ್ಳು ಹೇಳಿ ಮತ್ತೆ ರಕ್ತ ತೆಗೆದೆ. ಬಿಳಿಕಣಗಳು ಎಲ್ಲರಿಗಿರುವಷ್ಟಕ್ಕೆ ಬಂದಿದ್ದವು. ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ನೀವು ಬದುಕುತ್ತೀರಿ ಎಂದು ಅತ್ತೆ. ಸುಳ್ಳು ಏನು ಹೇಳಲಿ, ಆ ಸಂತೋಷ ಈಗಲೂ ಇದೆ, ಅದಕ್ಕೆ ಪಶ್ಚಾತ್ತಾಪ ಪಡಲು ನನ್ನಿಂದ ಆಗುತ್ತಿಲ್ಲ.

ಹೀಗೇ ಇನ್ನೂ ಎಷ್ಟು ದಿನ ನಡೆಸುತ್ತಿದ್ದೆನೋ. ಮೊನ್ನೆ ತುಳಸವ್ವ ಬರದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ತುಳಸವ್ವ ಬೇಡಗದ ಕುರಿಗಾರರ ಹೆಂಗಸು. ನಿಮಗಿರುವ ರೋಗವೇ ಅವಳಿಗೂ. ಹತ್ತು ವರ್ಷದ ಹಿಂದೆ ಗಂಡ ಗುರಲಿಂಗ ಅವಳನ್ನು ಹೊತ್ತುಕೊಂಡು ಬಂದಿದ್ದ. ಗುಳಿಗೆ ನುಂಗಿ ನುಂಗಿ ಕಲ್ಲಿನ ಹಾಗಾಗಿದ್ದಾಳೆ, ಕುರಿಯ ಹಿಂಡಿನೊಡನೆ ಕೊಂಕಣದ ಮಗ್ಗುಲ ತನಕ ನಡೆದು ಬರುತ್ತಾಳೆ. ಸೆರಗಿನ ಗಂಟಿನಲ್ಲಿ ಗುಳಿಗೆ ಕಟ್ಟಿಕೊಂಡು ಹೋಗುತ್ತಿದ್ದವಳು. ನಾನು ಎಲ್ಲಿ ಮಾತಾಡಿದರೂ ಅವಳ ಉದಾಹರಣೆ ಕೊಡುತ್ತಿದ್ದೆ. ಮೊನ್ನೆ ಬಂದಾಗ ರಕ್ತ ಪರೀಕ್ಷೆ ಮಾಡಿದರೆ, ವರ್ಷಗಟ್ಟಲೆ ಅಡಗಿ ಕುಳಿತಿದ್ದ ರೋಗ ಮತ್ತೆ ತಲೆಯೆತ್ತಿದೆ. ಗುಳಗಿ ತಗೊಳ್ತಿಯೇನ ಎಂದು ಗದರಿದೆ. ಅವಳು ಒಂದಿಷ್ಟೂ ಅಂಜದೆ ಹೇಳಿದಳು: “ಬಿಟ್ಟೇನ್ರಿ ಬಾಯಿ. ಸಮಡೋಳ್ಯಾಗಿನ ಅವ್ವಾರಿಗೂ ನಂದ ಬ್ಯಾನಿ ಇತ್ತಂತ, ಹೊಟ್ಟ್ಯಾಗ ಗಡ್ಡಿ ಇತ್ತಂತ, ಬರೇ ಕಷಾಯ ಕುಡದು ಕರಗೇತಂತ. ನಮ್ಮ ಹಟ್ಟಿ ಮಂದಿ ನೋಡಿ ಬಂದಾರ. ನೀವ ಕೈಯಾರೆ ತಂಬಿಗಿ ಹಿಡದು ಓಡಿ ಓಡಿ ಕೊಡ್ತೀರಂತಲ್ರಿ! ಡಾಕ್ಟರಬಾಯಿನ ಕಷಾಯ ಕೊಡ್ತಾರ ಅಂದಮ್ಯಾಗ ಗುಳಗಿ ಯಾಕ ಬೇಕ್ರಿ ನಂಗ?”

ಯಾರೋ ನೆಂಟನ ಬೇರಿನ ಕಥೆ ಕೇಳಿ ಜನ ಗುಳಿಗೆ ಬಿಡುತ್ತಾರೆ ಎಂದು ಜೀವಮಾನವೆಲ್ಲ ಗೋಳಾಡಿದವಳು ನಾನು. ಈ ಸಲದ ಕಥೆ ಕಟ್ಟಿದವಳೂ ನಾನೇ. ನಿಮ್ಮ ಒಬ್ಬರ ಜೀವ ಉಳಿಸುತ್ತೇನೆ, ಅದು ನನ್ನ ಮತ್ತು ನಿಮ್ಮ ನಡುವಿನ ಮಾತು ಎಂದುಕೊಂಡಿದ್ದೆ. ಇಡೀ ಊರು ನಿಂತು ನೋಡುತ್ತಿತ್ತು ಎಂಬುದು ಹೊಳೆಯಲಿಲ್ಲ. ತುಳಸವ್ವನಿಗೆ ಕೈಮುಗಿದು ಹೇಳಿದೆ, ಬಯ್ದು ಹೇಳಿದೆ, ಗುರಲಿಂಗನಿಂದ ಹೇಳಿಸಿದೆ. “ಅವ್ವಾರು ಗುಳಗಿ ತಗೋ ಅಂದ್ರ ತಗೋತೇನಿ” ಎಂದು ಎದ್ದು ಹೋದಳು. ಅವರು ಕುಡಿದದ್ದೂ ನಿನ್ನ ಗುಳಿಗೆಯನ್ನೇ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಅದನ್ನು ಕೇಳುವ ಮೊದಲ ಹಕ್ಕು ಅವಳದಲ್ಲ, ನಿಮ್ಮದು.

ಕ್ಷಮಾವಣಿಗೆ ಇನ್ನು ಎರಡೇ ವಾರ, ಅಲ್ಲಿಯ ತನಕ ಕಾಯಬಹುದಿತ್ತು. ಆದರೆ ಆ ದಿನ ಎಲ್ಲರೂ ಎಲ್ಲರಿಗೂ ಕೈಮುಗಿದು ‘ತಪ್ಪಾಗಿದ್ದರೆ ಕ್ಷಮಿಸಿ’ ಅನ್ನುತ್ತಾರೆ, ನನ್ನದೂ ಅದರಲ್ಲಿ ಸೇರಿ ಹಗುರವಾಗಿ ಹೋಗುತ್ತಿತ್ತು. ಒಮ್ಮೊಮ್ಮೆ ನಿಮಗೆ ಗೊತ್ತಿದೆ ಎಂದೂ ಅನಿಸಿದೆ. ಕಷಾಯ ಹೊಯ್ಯುವಾಗ ಒಂದು ಸಲ ನನ್ನ ಮುಖವನ್ನೇ ನೋಡಿದಿರಿ. ಹಾಗೆಂದುಕೊಂಡರೆ ನನ್ನ ಭಾರ ಇಳಿಯುತ್ತದೆ. ಇಳಿಯುತ್ತದೆ ಎಂಬ ಕಾರಣಕ್ಕೇ ಹಾಗೆಂದುಕೊಳ್ಳುವುದಿಲ್ಲ. ನನ್ನ ದೊಡ್ಡ ಹೆದರಿಕೆ ಬೇರೆ. ಇದನ್ನು ಓದಿ ನೀವು ಗುರುಗಳ ಮುಂದೆ ಹೇಳುತ್ತೀರಿ, ನಾನು ಮಾಡಿದ ತಪ್ಪಿಗೆ ನೀವು ಪ್ರಾಯಶ್ಚಿತ್ತ ತೆಗೆದುಕೊಳ್ಳುತ್ತೀರಿ, ಉಪವಾಸಗಳ ಸಾಲು ಹಿಡಿಯುತ್ತೀರಿ. ಈ ಮೈಗೆ ಅದು ತಡೆಯುವುದಿಲ್ಲ. ದಂಡವನ್ನು ನನಗೆ ಹಾಕಿಸಿರಿ, ಬೇಡಿಕೊಳ್ಳುತ್ತೇನೆ.

ಇನ್ನು ಡಾಕ್ಟರಾಗಿ ಹೇಳುವುದು, ಯಾವ ರೋಗಿಗೂ ಹೇಳುವ ಹಾಗೆ. ಗುಳಿಗೆ ದಿನಕ್ಕೆ ಒಂದೇ, ಊಟದ ಜೊತೆ, ನೀರು ಜಾಸ್ತಿ. ನಿಮ್ಮ ಒಂದು ಹೊತ್ತಿನ ಆಹಾರಕ್ಕೆ ಅದು ಸರಿಹೊಂದುತ್ತದೆ. ತೆಗೆದುಕೊಂಡರೆ ಇನ್ನೂ ಅನೇಕ ವರ್ಷ ನೀವು ನಡೆಯಬಹುದು. ಬಿಟ್ಟರೆ ರೋಗ ಮರಳುತ್ತದೆ, ಇಷ್ಟು ದಿನದೊಳಗೆ ಎಂದು ಹೇಳಲಾರೆ, ಆದರೆ ಮರಳುತ್ತದೆ. ಇದನ್ನು ಮೇ ತಿಂಗಳಲ್ಲೇ ನಿಮ್ಮ ಮುಂದೆ ಕುಳಿತು ಹೇಳಬೇಕಿತ್ತು. ನೀವು ಆಗಲೂ ಬೇಡವೆಂದಿದ್ದರೆ ಎದ್ದು ಬರಬೇಕಿತ್ತು. ಹಾಸ್ಟೆಲಿಗೆ ಕಳಿಸುತ್ತಿದ್ದ ಡಬ್ಬಿಯ ಮೇಲೆ ನೀವು ತಪ್ಪದೆ ಒಂದು ಚೀಟಿ ಇಡುತ್ತಿದ್ದಿರಿ, ಪಲ್ಯಕ್ಕೆ ಏನು ಹಾಕಿದ್ದೀರಿ, ಯಾವುದನ್ನು ಹಾಕಿಲ್ಲ ಎಂದು. ಇವತ್ತು ಚತುರ್ದಶಿ, ಸೊಪ್ಪು ಹಾಕಿಲ್ಲ, ಹೀಗೆ. ಗೆಳತಿಯರು ನಗುತ್ತಾರೆ, ಚೀಟಿ ಬೇಡ ಎಂದಾಗ ನೀವು ಹೇಳಿದ್ದು: “ಉಣ್ಣಾವ್ರಿಗೆ ಏನ ಉಣ್ತೇವಿ ಅನ್ನೂದು ಗೊತ್ತಿರಬೇಕು, ಇಲ್ಲಾಂದ್ರ ಅದು ಬಡಿಸಿಧಾಂಗ ಅಲ್ಲ, ಸುರುವಿಧಾಂಗ.” ನಾನು ನಿಮಗೆ ಮೂರು ತಿಂಗಳು ಸುರುವಿದ್ದೇನೆ.

ನಿಮ್ಮಲ್ಲಿ ಕೇಳುವುದು ಎರಡು. ಗುಳಿಗೆ ಬೇಕೋ ಬೇಡವೋ ಮೃಣಾಲಳ ಹತ್ತಿರ ಒಂದು ಮಾತು ಹೇಳಿಕಳಿಸಿರಿ. ಏನೇ ಹೇಳಿದರೂ ಮರುಮಾತಾಡುವುದಿಲ್ಲ. ಇನ್ನೊಂದು ತುಳಸವ್ವನದು. ಅವಳನ್ನು ಕರೆತಂದು ನಿಮ್ಮ ಮುಂದೆ ನಿಲ್ಲಿಸಿ, ಅವಳ ನೆಪದಲ್ಲಿ ನಿಮ್ಮನ್ನು ಒಪ್ಪಿಸುವ ಹಂಚಿಕೆ ಹೊಳೆದಿತ್ತು, ನನ್ನ ತಲೆ ಹಾಗೆಯೇ ಓಡುತ್ತದೆ. ಕರೆತರುವುದಿಲ್ಲ. ತಾನಾಗಿ ಬಂದರೆ ಮಾತ್ರ, ನೀವು ಗುಳಿಗೆ ಬಿಟ್ಟಿದ್ದರೂ ಸರಿ, ಗಡ್ಡೆ ಕರಗಿದ್ದು ಕಷಾಯದಿಂದಲ್ಲ ಎಂಬುದೊಂದನ್ನು ಅವಳಿಗೆ ಹೇಳಿರಿ. ಡಾಕ್ಟರಬಾಯಿ ಮೋಸ ಮಾಡಿದಳು ಎಂದೇ ಹೇಳಿರಿ, ಅಡ್ಡಿಯಿಲ್ಲ.

ಅನೇಕಾಂತ, ರಂಜನಾ ಇಬ್ಬರಿಗೂ ಇವತ್ತು ಸಂಜೆ ನಾನೇ ಹೇಳುತ್ತೇನೆ. ಅವರ ಮೇಲೆ ನಿಮ್ಮ ನವಿಲುಗರಿಯ ಪಿಂಛಿಯ ಆಶೀರ್ವಾದ ಇರಲಿ, ಮೃಣಾಲಳ ತಲೆಯ ಮೇಲೂ. ನನಗೆ ಈಗಲೇ ಬೇಡ.

ನಿಮ್ಮ ಡಬ್ಬಿ ಉಂಡು ಬೆಳೆದ
ಅಲಕಾ

ತಾ.ಕ. ಮೃಣಾಲ ಗಾಡಿ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದಾಳೆ, ಅಂಟಿಸಿದ ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ಮಾತು ಹೇಳಿಕಳಿಸಿರಿ ಎಂದು ಮೇಲೆ ಬರೆದೆನಲ್ಲ, ಅದು ಬೇಡ. ಆ ಹುಡುಗಿಯ ಮುಂದೆ, ಅಷ್ಟು ಜನರ ನಡುವೆ ನಿಮ್ಮಿಂದ ಹೌದು ಅಲ್ಲ ಎನ್ನಿಸುವುದೂ ಒಂದು ಜುಲುಮೆಯೇ. ನಾಳೆ ಬೆಳಿಗ್ಗೆ ಅನೇಕಾಂತನ ಬಾಗಿಲಲ್ಲಿ ನಾನು ನಿಂತಿರುತ್ತೇನೆ. ಕಳಸದ ಮೇಲೆ ತೆಂಗಿನಕಾಯಿ ಇರುವುದಿಲ್ಲ, ಗುಳಿಗೆಯ ಪಟ್ಟಿ ಇರುತ್ತದೆ, ಅರೆಯದೆ, ಕದಡದೆ, ಓಣಿಗೆಲ್ಲ ಕಾಣುವ ಹಾಗೆ. ನೀವು ಯಾವ ನೇಮ ಹಿಡಿದು ಹೊರಡುತ್ತೀರೋ ಅದು ಎಂದಿನಂತೆ ನಿಮಗೊಬ್ಬರಿಗೇ ಗೊತ್ತಿರಲಿ. ನಿಂತರೆ, ಏನು ಕೊಡುತ್ತಿದ್ದೇನೆ ಎಂದು ಮೊದಲು ಹೇಳಿ ಆಮೇಲೆ ಶುದ್ಧಿಯ ಮಾತು ಹೇಳುತ್ತೇನೆ. ನಿಲ್ಲದೆ ಮುಂದೆ ಹೋದರೆ ತಂಬಿಗೆ ಹಿಡಿದು ಹಿಂದೆ ಓಡಿ ಬರುವುದಿಲ್ಲ. ಅಲ್ಲೇ ಬಾಗಿಲಲ್ಲಿ ನಿಂತಿರುತ್ತೇನೆ, ಅವ್ವಾ.